ಸರ್ದಾರ್ ಆಗುವ ಮುಂಚಿನ ವಲ್ಲಭಭಾಯಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಬಗ್ಗೆ ಬರೆದುಕೊಡು ಎಂದು ನಮ್ಮ ಗುರುಗಳು ಫೋನ್ ಮಾಡಿದಾಗ ನಾನು ತಕ್ಷಣ ವಲ್ಲಭಭಾಯಿ ಪಟೇಲರ ಹೆಸರು ಹೇಳಿದೆ. ನಮ್ಮ ಶಾಲೆಯ ಮಕ್ಕಳಿಗೆ ಆ ಹೆಸರು ಹೊಸದಲ್ಲ. ಜನವರಿ 26, ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ರಂದೂ ಧ್ವಜ ಏರಿಸುವ ಭಾಗದವರು ನಾವು. 1948ರ ಆ ದಿನ ನಿಜಾಮನ ಸೇನೆ ಶರಣಾಗಿ ಬೀದರ್, ಕಲಬುರಗಿ, ರಾಯಚೂರು ಸೀಮೆಗಳು ಭಾರತದ ಭಾಗವಾದವು. ಆಗ ಗೃಹಮಂತ್ರಿಯಾಗಿದ್ದವರು ಪಟೇಲರು. ಹಾಗಾಗಿ ಅವರ ಫೋಟೋಕ್ಕೆ ನಮ್ಮಲ್ಲಿ ಹಾರ ತಪ್ಪಿಲ್ಲ.

ಆದರೆ ನಾನು ಬರೆಯಹೊರಟಿರುವುದು ಆ ಫೋಟೋದಲ್ಲಿರುವ ವಯಸ್ಸಾದ ಮಂತ್ರಿಗಳ ಬಗ್ಗೆ ಅಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಒಂದು ಹಳೆಯ ನಗರದ ಮುನಿಸಿಪಾಲಿಟಿಗೆ ಸಾದಾ ಸದಸ್ಯರಾಗಿ ಹೋಗಿ, ಮೋರಿ, ನಲ್ಲಿ, ತೆರಿಗೆ, ಕಡತ ಎಂದು ಹನ್ನೊಂದು ವರ್ಷ ಅದರ ನಂಟಿನಲ್ಲೇ ಇದ್ದ ವಕೀಲರೊಬ್ಬರ ಬಗ್ಗೆ. ಈ ವಿಷಯ ನನಗೆ ಸಿಕ್ಕಿದ್ದು ಕೆಲಸದ ಮೂಲಕ. ಬಿಇ ಮುಗಿಸಿ ಕಂಪನಿ ಸೇರಿದ ಕೆಲವು ವರ್ಷಗಳಲ್ಲಿ, ನಗರಾಡಳಿತಗಳಿಗೆ ಆಸ್ತಿ ತೆರಿಗೆಯ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನನ್ನನ್ನು ಹಾಕಿದರು. ಅದರ ಸಲುವಾಗಿ ಒಂಬತ್ತು ತಿಂಗಳು ಅಹಮದಾಬಾದಿನಲ್ಲಿ ಇದ್ದೆ. ತೆರಿಗೆಯ ಪ್ರೋಗ್ರಾಮ್ ಬರೆಯಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಯಾರು ತೀರ್ಮಾನಿಸುತ್ತಾರೆ, ಯಾರು ಸಹಿ ಹಾಕುತ್ತಾರೆ, ಯಾರು ಅದನ್ನು ತಡೆಯಬಲ್ಲರು? ಈ ಮೂವರೂ ಬೇರೆ ಬೇರೆ ಎಂದು ಗೊತ್ತಾದ ಮೇಲೆಯೇ ಕೋಡ್ ಬರೆಯಲು ಕೂರಬಹುದು. ಇದೇ ಪ್ರಶ್ನೆಯನ್ನು ಅದೇ ಊರಿನಲ್ಲಿ ನೂರು ವರ್ಷದ ಹಿಂದೆ ಪಟೇಲರು ಕೈಗೆತ್ತಿಕೊಂಡಿದ್ದರು ಎಂದು ತಿಳಿದಾಗ ಸಂಜೆ ಹೊತ್ತು ಅವರ ಜೀವನಚರಿತ್ರೆಗಳನ್ನು ಹುಡುಕಿ ಓದತೊಡಗಿದೆ.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸುಲ್ತಾನ ಅಹಮದ್ ಶಾಹ 1411ರಲ್ಲಿ ಸಾಬರಮತಿ ನದಿಯ ದಂಡೆಯ ಮೇಲೆ ಕಟ್ಟಿಸಿದ ನಗರ ಅಹಮದಾಬಾದ್. ಸುತ್ತ ಕೋಟೆಗೋಡೆ, ಅದಕ್ಕೆ ಹೆಬ್ಬಾಗಿಲುಗಳು. ಒಳಗೆ ಪೋಳ್ ಎಂದು ಕರೆಯುವ ಕೇರಿಗಳು. ಪೋಳ್ ಎಂದರೆ ಒಂದೇ ಬಾಗಿಲಿನ ಇಕ್ಕಟ್ಟು ಓಣಿ. ರಾತ್ರಿ ಆ ಬಾಗಿಲು ಹಾಕಿದರೆ ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಪ್ರತಿ ಪೋಳಿಗೂ ತನ್ನದೇ ಪಂಚರು, ತನ್ನದೇ ಕಟ್ಟುಪಾಡು, ಹಕ್ಕಿಗಳಿಗೆ ಕಾಳು ಹಾಕಲು ಒಂದು ಕಂಬಗೂಡು. ಮನೆಯ ನೆಲದಡಿಯಲ್ಲಿ ಮಳೆನೀರು ಹಿಡಿದಿಡುವ ತೊಟ್ಟಿ. ಕೊಳಚೆ ಇಂಗಲು ಗುಂಡಿಯೂ ಮನೆಯ ಬಳಿಯೇ! ಎರಡೂ ಒಂದರ ಪಕ್ಕ ಒಂದು ಇದ್ದರೆ ಏನಾಗುತ್ತದೆ ಎಂಬುದನ್ನು ಈಗ ಎಂಟನೇ ತರಗತಿಯ ಮಕ್ಕಳೂ ಹೇಳಬಲ್ಲರು.

ಆ ಊರಿನ ಮುನಿಸಿಪಾಲಿಟಿಯ ಬೇರು ಇರುವುದು ಕೋಟೆಗೋಡೆಯಲ್ಲಿ. 1830ರ ದಶಕದಲ್ಲಿ, ಬಿದ್ದುಹೋಗುತ್ತಿದ್ದ ಗೋಡೆ ರಿಪೇರಿ ಮಾಡಿಸಲು ಪೇಟೆಗೆ ಬರುವ ತುಪ್ಪ ಮೊದಲಾದ ಸರಕಿನ ಮೇಲೆ ಸಣ್ಣ ಸುಂಕ ಹಾಕಿ ಒಂದು ನಿಧಿ ಮಾಡಿದರು. ಅದನ್ನು ನೋಡಿಕೊಳ್ಳಲು ಒಂದು ಸಮಿತಿ. ಗೋಡೆ ಮುಗಿದ ಮೇಲೂ ಹಣ ಬರುತ್ತಲೇ ಇತ್ತು, ಸಮಿತಿ ರಸ್ತೆ, ದೀಪ ಎಂದು ಕೈ ಚಾಚಿತು. ಕೊನೆಗೆ ಅದೇ ಮುನಿಸಿಪಾಲಿಟಿ ಆಯಿತು. ನಮ್ಮ ವೃತ್ತಿಯಲ್ಲೂ ಹೀಗೇ. ಒಂದು ಸಣ್ಣ ಕೆಲಸಕ್ಕೆಂದು ಬರೆದ ಪ್ರೋಗ್ರಾಮ್ ಇಪ್ಪತ್ತು ವರ್ಷದಲ್ಲಿ ಇಡೀ ಕಂಪನಿಯನ್ನು ಹೊತ್ತುಕೊಂಡಿರುತ್ತದೆ.

1861ರಲ್ಲಿ ಅಲ್ಲಿ ಮೊದಲ ಹತ್ತಿ ಗಿರಣಿ ತೆರೆದ ರಣಛೋಡಲಾಲ್ ಛೋಟಾಲಾಲ್ ಅವರೇ ಮುಂದೆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ನಲ್ಲಿ ನೀರು, ನೆಲದಡಿಯ ಒಳಚರಂಡಿ ಎರಡನ್ನೂ ಪಟ್ಟು ಹಿಡಿದು ಶುರು ಮಾಡಿಸಿದರು. ತೆರಿಗೆ ಏರುತ್ತದೆಂದು ಜನ ಅವರನ್ನು ವಿರೋಧಿಸಿದರು. ನೀರು ಬಂತು, ಚರಂಡಿ ಅರ್ಧಕ್ಕೆ ನಿಂತಿತು. ಗಿರಣಿಗಳು ಮಾತ್ರ ಹೆಚ್ಚುತ್ತಲೇ ಹೋದವು, ಕೂಲಿಯವರು ಬಂದು ತುಂಬಿದರು. ಜನಸಂಖ್ಯೆ ಎರಡು ಲಕ್ಷ ದಾಟಿತು. ಆಡಳಿತ ಸರಿಯಿಲ್ಲವೆಂದು 1910ರಲ್ಲಿ ಸರ್ಕಾರ ಮುನಿಸಿಪಾಲಿಟಿಯನ್ನು ಅಮಾನತಿನಲ್ಲಿಟ್ಟು ತಾನೇ ನೇಮಿಸಿದ ಸಮಿತಿಯ ಕೈಗೆ ಕೊಟ್ಟಿತು. 1915ರಲ್ಲಿ ಚುನಾಯಿತ ಸಭೆ ಮರಳಿತು, ಆದರೆ ಅದರ ಜೊತೆಯಲ್ಲೇ ಒಬ್ಬ ಐಸಿಎಸ್ ಅಧಿಕಾರಿ ಮುನಿಸಿಪಲ್ ಕಮಿಷನರ್ ಆಗಿ ಬಂದು ಕುಳಿತರು. ಸಭೆ ಊರಿನದು, ಕಮಿಷನರ್ ಸರ್ಕಾರದವರು. ಪಟೇಲರ ಕಥೆ ಆರಂಭವಾಗುವುದು ಇಲ್ಲಿಂದ.

ವಲ್ಲಭಭಾಯಿ ಹುಟ್ಟಿದ್ದು 1875ರ ಅಕ್ಟೋಬರ್ 31ರಂದು, ನಡಿಯಾದಿನಲ್ಲಿ. ಸ್ವಂತ ಊರು ಕರಮಸದ. ತಂದೆ ಝವೇರಭಾಯಿ ಸಾಧಾರಣ ರೈತರು. ಪಟೇಲ ಎಂದರೆ ನಮ್ಮ ಕಡೆ ಊರ ಗೌಡಿಕೆ ನೆನಪಾಗುತ್ತದೆ. ಗುಜರಾತಿನಲ್ಲಿ ಅದು ಪಾಟೀದಾರ ಒಕ್ಕಲಿಗರ ಮನೆತನದ ಹೆಸರು. ಮೆಟ್ರಿಕ್ ಪಾಸಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಇದನ್ನು ಹತ್ತನೇ ತರಗತಿಯಲ್ಲಿ ಒಮ್ಮೆ ನಪಾಸಾದ ಮಕ್ಕಳು ದಯವಿಟ್ಟು ಓದಿಕೊಳ್ಳಬೇಕು. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಬೇರೆಯವರ ಕಾನೂನು ಪುಸ್ತಕಗಳನ್ನು ಕಡ ತಂದು ಓದಿ ಜಿಲ್ಲಾ ವಕೀಲಿ ಪರೀಕ್ಷೆ ಕಟ್ಟಿ ಗೋಧ್ರಾ, ಆಮೇಲೆ ಬೋರಸದ ಎಂಬ ಸಣ್ಣ ಊರುಗಳಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸಿದರು. ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಬೇಕೆಂದು ದುಡ್ಡು ಕೂಡಿಟ್ಟು ಕಾಗದಪತ್ರ ತರಿಸಿದರೆ ಅವು ಅಣ್ಣ ವಿಠ್ಠಲಭಾಯಿಯ ಕೈಗೆ ಹೋದವು. ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ. ದೊಡ್ಡವನು ನಾನು ಮೊದಲು ಹೋಗುತ್ತೇನೆ ಎಂದು ಅಣ್ಣ ಕೇಳಿದರು. ತಮ್ಮ ತನ್ನ ಸರದಿ ಬಿಟ್ಟುಕೊಟ್ಟದ್ದಷ್ಟೇ ಅಲ್ಲದೆ ಅವರ ಖರ್ಚನ್ನೂ ವಹಿಸಿಕೊಂಡರು. 1909ರಲ್ಲಿ ಹೆಂಡತಿ ಝವೇರಬಾ ತೀರಿಕೊಂಡರು. ಆ ತಂತಿ ಕೈಗೆ ಬಂದಾಗ ವಲ್ಲಭಭಾಯಿ ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ನಡೆಸುತ್ತಿದ್ದರು. ಓದಿ ಜೇಬಿಗೆ ಹಾಕಿಕೊಂಡು ಸವಾಲು ಮುಗಿಸಿದರು. ಈ ಪ್ರಸಂಗವನ್ನು ಎಲ್ಲರೂ ಅವರ ಮನೋಸ್ಥೈರ್ಯಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ಮನೆಯಲ್ಲಿದ್ದ ಇಬ್ಬರು ಚಿಕ್ಕ ಮಕ್ಕಳ ಯೋಚನೆ ಬರುತ್ತದೆ. 1910ರಲ್ಲಿ ಕೊನೆಗೂ ಲಂಡನ್ನಿಗೆ ಹೋದರು, ಮೂರು ವರ್ಷದ ಓದನ್ನು ಎರಡೂವರೆ ವರ್ಷದಲ್ಲಿ ಮುಗಿಸಿ 1913ರಲ್ಲಿ ಬಂದು ಅಹಮದಾಬಾದಿನಲ್ಲಿ ನೆಲೆಸಿದರು.

ಬಂದ ಹೊಸತರಲ್ಲಿ ಅವರು ಸೂಟು ಬೂಟಿನ ದುಬಾರಿ ವಕೀಲರು. ಸಂಜೆ ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟು, ಬ್ರಿಜ್ ಆಟ. ಗಾಂಧೀಜಿ 1915ರಲ್ಲಿ ಆ ಊರಿಗೆ ಬಂದು ಆಶ್ರಮ ತೆರೆದಾಗ ಕ್ಲಬ್ಬಿನಲ್ಲಿ ಕುಳಿತು ನಕ್ಕವರಲ್ಲಿ ಇವರೂ ಒಬ್ಬರು. ಮುನಿಸಿಪಾಲಿಟಿಯ ಮೋಹ ಇವರಿಗೆ ಇರಲಿಲ್ಲ. ಕಮಿಷನರ್ ಯಾರ ಮಾತೂ ಕೇಳುವುದಿಲ್ಲ, ಎದುರು ನಿಲ್ಲಲು ಗಟ್ಟಿ ಆಳು ಬೇಕು ಎಂದು ಗೆಳೆಯರು ಬೆನ್ನು ಹತ್ತಿದ್ದರಿಂದ 1917ರ ಜನವರಿಯಲ್ಲಿ ದರಿಯಾಪುರ ವಾರ್ಡಿನ ಉಪಚುನಾವಣೆಗೆ ನಿಂತರು. ಗೆದ್ದದ್ದು ಒಂದೇ ಒಂದು ಮತದಿಂದ. ಸೋತವರು ಕೋರ್ಟಿಗೆ ಹೋಗಿ ಆ ಚುನಾವಣೆ ರದ್ದಾಯಿತು. ಎರಡನೆಯ ಸಲ ಇವರ ಎದುರು ಯಾರೂ ನಿಲ್ಲಲಿಲ್ಲ. ಆಗಿನ ಮತದಾರರೆಂದರೆ ಆಸ್ತಿ ಇದ್ದು ತೆರಿಗೆ ಕಟ್ಟುವವರು, ಓದಿದವರು, ಅಷ್ಟೇ. ಗಿರಣಿಯ ಕೂಲಿಕಾರನಿಗೆ, ಬೀದಿ ಗುಡಿಸುವವನಿಗೆ ಮತವಿರಲಿಲ್ಲ. ಇದನ್ನು ಮರೆತು ಆ ಕಾಲದ ಮುನಿಸಿಪಾಲಿಟಿಯನ್ನು ಪ್ರಜೆಗಳ ಸಭೆ ಎಂದು ಹೊಗಳುವುದು ಸರಿಯಲ್ಲ.

ಗಟ್ಟಿ ಆಳು ಹೋಗಿ ಏನು ಮಾಡಿದರು? ಮೇಜು ಗುದ್ದಿದರು ಎಂದು ನೀವು ಊಹಿಸಿದ್ದರೆ ಇಲ್ಲ. ಕಡತ ಓದಿದರು. ವಕೀಲರಲ್ಲವೇ, ಕೇಸಿನ ಪೇಪರು ಓದುವ ಹಾಗೆ ಹಳೆಯ ಠರಾವುಗಳು, ಪತ್ರಗಳು, 1901ರ ಮುಂಬಯಿ ಜಿಲ್ಲಾ ಮುನಿಸಿಪಾಲಿಟಿ ಕಾಯ್ದೆಯ ಕಲಮುಗಳು, ಎಲ್ಲವನ್ನೂ ಓದಿ ಇಟ್ಟುಕೊಂಡರು. ಸಾಮಾನ್ಯ ಸಭೆಗೆ ಯಾವ ಅಧಿಕಾರ, ಉಪಸಮಿತಿಗೆ ಯಾವುದು, ಕಮಿಷನರ್ ತನ್ನಷ್ಟಕ್ಕೆ ಏನು ಮಾಡಬಹುದು, ಯಾವುದಕ್ಕೆ ಸಭೆಯ ಒಪ್ಪಿಗೆ ಬೇಕು, ಮೇಲೆ ಕಲೆಕ್ಟರ್ ಮತ್ತು ವಿಭಾಗದ ಕಮಿಷನರ್ ಎಲ್ಲಿ ಕೈ ಹಾಕಬಹುದು ಎಂಬ ನಕ್ಷೆ ಅವರ ತಲೆಯಲ್ಲಿ ಮೂಡಿತು. ಒಂದು ಕೆರೆಯ ಜಾಗದ ವ್ಯಾಜ್ಯದಲ್ಲಿ ಮುನಿಸಿಪಲ್ ಕಮಿಷನರ್ ಶಿಲ್ಲಿಡಿ ನಡೆದುಕೊಂಡ ರೀತಿಯನ್ನು ದಾಖಲೆ ಸಮೇತ ಸಭೆಯ ಮುಂದಿಟ್ಟು ಅವರ ವಿರುದ್ಧ ಠರಾವು ಪಾಸು ಮಾಡಿಸಿದರು. ಸರ್ಕಾರ ಆ ಅಧಿಕಾರಿಯನ್ನು ಅಲ್ಲಿಂದ ಎತ್ತಿತು. ಒಬ್ಬ ಬಿಳಿಯ ಐಸಿಎಸ್ ಅಧಿಕಾರಿಯನ್ನು ಊರ ಸಭೆಯೊಂದು ಕಾಗದದ ಬಲದಿಂದ ಕಳಿಸಿಬಿಡುವುದು 1917ರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಅದೇ ವರ್ಷ ಅವರಿಗೆ ನೈರ್ಮಲ್ಯ ಸಮಿತಿಯ ಅಧ್ಯಕ್ಷತೆ ಬಂತು. ಯಾರಿಗೂ ಬೇಡವಾದ ಸಮಿತಿ ಅದು. ಆಗಲೇ ಊರಿಗೆ ಪ್ಲೇಗ್ ಬಿತ್ತು. ಶಾಲೆ ಮುಚ್ಚಿದವು, ಕೋರ್ಟು ಮುಚ್ಚಿತು, ಅನುಕೂಲವಿದ್ದವರು ಊರು ಬಿಟ್ಟರು. ಪಟೇಲರು ಭದ್ರ ಕೋಟೆಯ ಬಳಿಯ ಮನೆಯಲ್ಲೇ ಉಳಿದರು. ಪ್ಲೇಗ್ ಅಂದರೆ ಏನು ಎಂದು ಅವರಿಗೆ ಗೊತ್ತಿಲ್ಲದ್ದಲ್ಲ; ಗೋಧ್ರಾದಲ್ಲಿದ್ದಾಗ ಗೆಳೆಯರೊಬ್ಬರ ಆರೈಕೆ ಮಾಡಿ ತಾವೂ ಆ ರೋಗಕ್ಕೆ ಸಿಕ್ಕಿ ಬದುಕಿ ಬಂದಿದ್ದರು. ದಿನವೂ ಪೋಳ್‌ಗಳ ಒಳಗೆ ನಡೆದು ಹೋಗಿ ಮೋರಿ ತೆಗೆಸುವುದು, ಔಷಧ ಹೊಡೆಸುವುದು, ಕೆಲಸಗಾರರ ಜೊತೆ ನಿಂತು ನೋಡುವುದು. ಮರುವರ್ಷ ಇನ್‌ಫ್ಲುಯೆಂಜಾ ಬಂದಾಗ ಸಾರ್ವಜನಿಕರ ನೆರವಿನಿಂದ ತಾತ್ಕಾಲಿಕ ಆಸ್ಪತ್ರೆ ಮಾಡಿಸಿದರು. ನನಗನ್ನಿಸುವುದು, ಅವರು ಮುನಿಸಿಪಾಲಿಟಿಯನ್ನು ನಿಜವಾಗಿ ಕಲಿತದ್ದು ಈ ಓಡಾಟದಲ್ಲಿ. ಕಡತದಲ್ಲಿ ಚರಂಡಿ ಇದೆ ಎಂದು ಬರೆದಿರುತ್ತದೆ. ಪೋಳಿನ ಒಳಗೆ ಹೋದರೆ ಅದು ಯಾರದೋ ಜಗುಲಿಯ ಕೆಳಗೆ ಮುಚ್ಚಿಹೋಗಿರುತ್ತದೆ, ಮತ್ತು ಆ ಜಗುಲಿಯ ಯಜಮಾನ ಪೋಳಿನ ಪಂಚನಾಗಿರುತ್ತಾನೆ. ಕಾಯ್ದೆಯ ಪುಸ್ತಕದಲ್ಲಿ ಇಲ್ಲದ ಈ ಪಂಚನ ಒಪ್ಪಿಗೆಯಿಲ್ಲದೆ ಒಂದು ಕಲ್ಲೂ ಅಲುಗುವುದಿಲ್ಲ. ನಾನಿದ್ದ ಕಾಲಕ್ಕೂ ಪೋಳ್‌ಗಳಲ್ಲಿ ಈ ಪದ್ಧತಿಯ ಬಿಸಿ ಸ್ವಲ್ಪ ಉಳಿದಿತ್ತು. ಬಾಡಿಗೆಗೆ ರೂಮು ಕೇಳಲು ಹೋದಾಗ ಮನೆಯವರಿಗಿಂತ ಮೊದಲು ಓಣಿಯ ಹಿರಿಯರು ನನ್ನ ಊರು, ಉದ್ಯೋಗ, ಊಟದ ಪದ್ಧತಿ ವಿಚಾರಿಸಿದರು.

ಆ ನಡುವೆ ಅವರ ಬದುಕು ತಿರುಗಿತ್ತು. ಚಂಪಾರಣ್ಯದಲ್ಲಿ ಗಾಂಧೀಜಿ ಸರ್ಕಾರದ ಆಜ್ಞೆಯನ್ನು ಮೀರಿ ನಿಂತ ಸುದ್ದಿ ಕ್ಲಬ್ಬಿಗೆ ಬಂದ ಮೇಲೆ ನಗು ನಿಂತಿತು. 1918ರ ಖೇಡಾ ಸತ್ಯಾಗ್ರಹದಲ್ಲಿ ಪಟೇಲರು ಪೂರ್ತಿಯಾಗಿ ಇಳಿದರು. ಸೂಟು ಹೋಯಿತು, ವಕೀಲಿಯೂ ಹೋಯಿತು. ಮುನಿಸಿಪಾಲಿಟಿ ಮಾತ್ರ ಹೋಗಲಿಲ್ಲ. 1921ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಅಹಮದಾಬಾದಿನಲ್ಲಿ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರು ಅವರೇ. ಕುರ್ಚಿಗಳನ್ನು ತೆಗೆದು ನೆಲದ ಮೇಲೆ ಕೂರುವ ಪದ್ಧತಿ ತಂದರು, ಸಾವಿರಾರು ಜನರಿಗೆ ಖಾದಿಯ ಊರನ್ನೇ ಕಟ್ಟಿ ನೀರು, ಕಕ್ಕಸು, ದೀಪದ ವ್ಯವಸ್ಥೆ ಮಾಡಿದರು. ನೈರ್ಮಲ್ಯ ಸಮಿತಿಯ ಅನುಭವ ಇಲ್ಲದವರಿಗೆ ಇದು ಸಾಧ್ಯವಿತ್ತೇ ಎಂದು ನನಗೆ ಸಂಶಯ.

ಇನ್ನು ಬರುವುದು ನನಗೆ ಇವತ್ತಿಗೂ ಕಷ್ಟವೆನಿಸುವ ಭಾಗ. ಅಸಹಕಾರ ಚಳವಳಿಯ ಭಾಗವಾಗಿ 1921ರಲ್ಲಿ ಮುನಿಸಿಪಾಲಿಟಿ ತನ್ನ ಪ್ರಾಥಮಿಕ ಶಾಲೆಗಳಿಗೆ ಸರ್ಕಾರದ ಅನುದಾನ ಬೇಡ, ಸರ್ಕಾರಿ ಇನ್ಸ್‌ಪೆಕ್ಟರುಗಳ ತಪಾಸಣೆಯೂ ಬೇಡ ಎಂದು ಠರಾವು ಮಾಡಿತು. ಹಣ ನಮ್ಮದು, ಮಕ್ಕಳು ನಮ್ಮವರು, ನಿಮ್ಮ ಹಂಗೇಕೆ ಎಂಬುದು ಅದರ ಹಿಂದಿನ ವಾದ. ಸರ್ಕಾರ ಕಾಯ್ದೆ ತೋರಿಸಿತು, ಪಟೇಲರು ಅದೇ ಕಾಯ್ದೆಯ ಬೇರೆ ಕಲಮು ತೋರಿಸಿದರು. ತಿಂಗಳುಗಟ್ಟಲೆ ಕಾಗದದ ಯುದ್ಧ ನಡೆದು 1922ರ ಫೆಬ್ರವರಿಯಲ್ಲಿ ಸರ್ಕಾರ ಮತ್ತೊಮ್ಮೆ ಮುನಿಸಿಪಾಲಿಟಿಯನ್ನು ಅಮಾನತಿನಲ್ಲಿಟ್ಟಿತು. ಇದೇ ಹೋರಾಟಕ್ಕೆ ಸೂರತ್, ನಡಿಯಾದ್ ಮುನಿಸಿಪಾಲಿಟಿಗಳೂ ಸಿಕ್ಕಿದವು. ಪಟೇಲರು ಜನರಿಂದ ಚಂದಾ ಎತ್ತಿ ಪ್ರತ್ಯೇಕ ಶಾಲೆಗಳನ್ನು ನಡೆಸಿದರು. ಸರ್ಕಾರಿ ಶಾಲೆಗಳು ಬರಿದಾದವು.

ಹೋರಾಟವಾಗಿ ನೋಡಿದರೆ ಇದು ದೊಡ್ಡದು. ಆದರೆ ಸರ್ಕಾರಿ ಶಾಲೆಯಲ್ಲಿ, ಸರ್ಕಾರದ ಪುಸ್ತಕ, ಸರ್ಕಾರದ ಸೈಕಲ್ಲು, ಸರ್ಕಾರದ ವಿದ್ಯಾರ್ಥಿವೇತನದಿಂದ ಓದಿದವರ ನಡುವೆ ಬೆಳೆದ ನನಗೆ ಅನುದಾನ ಬೇಡ ಎನ್ನುವ ಠರಾವನ್ನು ಓದುವಾಗ ಎದೆ ಸ್ವಲ್ಪ ಅದುರುತ್ತದೆ. ಎರಡು ವರ್ಷ ಚಂದಾದಿಂದ ಶಾಲೆ ನಡೆಸಬಹುದು, ಇಪ್ಪತ್ತು ವರ್ಷ ನಡೆಸಲಾಗದು. ಆ ಎರಡು ವರ್ಷ ಊರಿನ ನೀರು, ಚರಂಡಿಯ ಬಗ್ಗೆ ಚುನಾಯಿತರ ಮಾತು ನಡೆಯದೆ ಹೋಯಿತು. ಪಟೇಲರ ಲೆಕ್ಕ ಬೇರೆ ಇತ್ತು: ತನ್ನ ಊರಿನ ಶಾಲೆಯ ಮೇಲೆ ಅಧಿಕಾರವಿಲ್ಲದ ಸಭೆಗೆ ಮೋರಿಯ ಮೇಲೆ ಮಾತ್ರ ಅಧಿಕಾರವಿದ್ದರೆ ಅದು ಸ್ವಯಮಾಡಳಿತವಾಗುವುದಿಲ್ಲ. ಅವರು ಹೇಳಿದ್ದು ಸರಿ ಎಂದು ಬುದ್ಧಿ ಒಪ್ಪುತ್ತದೆ. ಒಂದನೇ ತರಗತಿಯ ಮಗುವಿನ ತಂದೆಯಾಗಿ ಆ ಠರಾವಿಗೆ ಕೈ ಎತ್ತುತ್ತಿದ್ದೆನೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

1924ರಲ್ಲಿ ಚುನಾವಣೆ ಮರಳಿ ಬಂದಾಗ ಅವರ ಕಡೆಯವರೇ ಹೆಚ್ಚಾಗಿ ಗೆದ್ದರು, ಪಟೇಲರು ಅಧ್ಯಕ್ಷರಾದರು. ಆ ಒಂದೆರಡು ವರ್ಷಗಳಲ್ಲಿ ದೇಶದ ಹಲವು ಊರುಗಳಲ್ಲಿ ಇದೇ ನಡೆಯುತ್ತಿತ್ತು. ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರೂ, ಪಾಟ್ನಾದಲ್ಲಿ ರಾಜೇಂದ್ರ ಪ್ರಸಾದ್, ಕಲ್ಕತ್ತೆಯಲ್ಲಿ ಚಿತ್ತರಂಜನ ದಾಸ್ ಮೇಯರ್, ಅವರ ಕೈಕೆಳಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಸುಭಾಷಚಂದ್ರ ಬೋಸ್. ಮೊದಲ ಪ್ರಧಾನಿ, ಮೊದಲ ರಾಷ್ಟ್ರಪತಿ, ಮೊದಲ ಗೃಹಮಂತ್ರಿ ಮೂವರೂ ಒಂದು ಕಾಲಕ್ಕೆ ನಲ್ಲಿ ನೀರಿನ ತಕರಾರು ಕೇಳಿದವರು! ಅಹಮದಾಬಾದಿನ ಅದೇ ಸಭೆಯಲ್ಲಿ ಪಟೇಲರ ಜೊತೆಗಾರರಾಗಿದ್ದ ಮಾವಳಂಕರರು ಮುಂದೆ ಲೋಕಸಭೆಯ ಮೊದಲ ಸ್ಪೀಕರ್ ಆದರು.

ಅಧ್ಯಕ್ಷರಾಗಿ ಪಟೇಲರು ಮಾಡಿದ್ದು ಬಹುಪಾಲು ನೆಲದಡಿಯ ಕೆಲಸ, ಆದ್ದರಿಂದಲೇ ಕಣ್ಣಿಗೆ ಕಾಣುವುದಿಲ್ಲ. ರಣಛೋಡಲಾಲರ ಕಾಲದಲ್ಲಿ ಶುರುವಾದ ಒಳಚರಂಡಿ ಮತ್ತು ನೀರಿನ ಕೊಳವೆಗಳನ್ನು ಮುಂದುವರಿಸಿದರು, ನದಿಯಾಚೆಯ ಹೊಸ ಬಡಾವಣೆಗೆ ನಗರ ಯೋಜನೆ ಹಾಕಿಸಿದರು. ಕೋಟೆಗೋಡೆಯನ್ನು ಕೆಡವುವ ಕೆಲಸವೂ ಆ ದಶಕದಲ್ಲೇ ಆರಂಭವಾಯಿತು. ಯಾವ ಗೋಡೆಯ ರಿಪೇರಿಗಾಗಿ ಆ ಊರಿನ ಆಡಳಿತ ಹುಟ್ಟಿತೋ ಅದೇ ಗೋಡೆಯನ್ನು ಆ ಆಡಳಿತವೇ ಒಡೆಯಿತು. ಈಗ ಅಹಮದಾಬಾದಿನ ಹಳೆಯ ನಗರ 2017ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಲ್ಲಿ ಒಂಟಿಯಾಗಿ ನಿಂತ ದರ್ವಾಜಾಗಳ ಸುತ್ತ ವಾಹನಗಳು ಹರಿಯುತ್ತವೆ. ಗೋಡೆ ಉಳಿದಿದ್ದರೆ ಚೆನ್ನಾಗಿತ್ತು ಎಂದು ಪ್ರವಾಸಿಗನಾಗಿ ಅನ್ನಿಸುತ್ತದೆ. ಗೋಡೆಯೊಳಗೆ ಉಸಿರುಕಟ್ಟಿದ್ದವರನ್ನು ಪ್ಲೇಗಿನ ದಿನಗಳಲ್ಲಿ ನೋಡಿದ ಮನುಷ್ಯನಿಗೆ ಹಾಗೆ ಅನ್ನಿಸಿರಲಾರದು.

1927ರ ಜುಲೈನಲ್ಲಿ ಗುಜರಾತಿನ ಮೇಲೆ ದಿನಗಟ್ಟಲೆ ಬಿಡದೆ ಮಳೆ ಹೊಯ್ಯಿತು. ಆ ಒಂದು ರಾತ್ರಿ ಪಟೇಲರು ನಿದ್ದೆ ಬಾರದೆ ಎದ್ದು, ಮಳೆಯಲ್ಲಿ ನೆನೆಯುತ್ತ ಹೋಗಿ ಮುನಿಸಿಪಾಲಿಟಿಯ ಎಂಜಿನಿಯರನ್ನು ಎಬ್ಬಿಸಿದರು. ನೀರು ಕಟ್ಟಿಕೊಂಡ ಕಡೆ ಒಡೆಸಿ ಹರಿಯಲು ದಾರಿ ಮಾಡಿಸಿ ಊರು ಮುಳುಗದಂತೆ ನೋಡಿಕೊಂಡರು. ಇದನ್ನು ಓದುವಾಗ ನಾನು ಮೆಚ್ಚಿದ್ದು ಧೈರ್ಯವನ್ನಲ್ಲ. ಆ ಕತ್ತಲೆಯಲ್ಲಿ ಯಾವ ಮೋರಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಒಡೆದರೆ ಯಾವ ಓಣಿ ಉಳಿಯುತ್ತದೆ ಎಂಬ ಮಾತನ್ನು ಎಂಜಿನಿಯರಿನ ಜೊತೆ ಸರಿಸಮನಾಗಿ ಆಡಬಲ್ಲ ಅಧ್ಯಕ್ಷರು ಆ ಊರಿಗೆ ಇದ್ದರು. ಹತ್ತು ವರ್ಷದ ಓಡಾಟ ಆ ರಾತ್ರಿ ಕೆಲಸಕ್ಕೆ ಬಂತು. ಆಮೇಲೆ ಇಡೀ ಗುಜರಾತಿನ ಪರಿಹಾರ ಕಾರ್ಯವನ್ನು ಅವರೇ ಸಂಘಟಿಸಿದರು; ಅಸಹಕಾರದ ಹಳೆಯ ಜಗಳವನ್ನು ಪಕ್ಕಕ್ಕಿಟ್ಟು ಮುಂಬಯಿ ಸರ್ಕಾರದಿಂದ ಪರಿಹಾರಕ್ಕೆ ಒಂದು ಕೋಟಿ ರೂಪಾಯಿ ಹೊರಡಿಸಿದರು.

1928ರ ಏಪ್ರಿಲ್‌ನಲ್ಲಿ ಮುನಿಸಿಪಾಲಿಟಿಗೆ ರಾಜೀನಾಮೆ ಕೊಟ್ಟರು. ಸಭೆಯೊಳಗೆ ಭಿನ್ನಾಭಿಪ್ರಾಯಗಳು ಬೆಳೆದಿದ್ದವು, ಬಾರ್ಡೋಲಿಯ ರೈತರ ಕರನಿರಾಕರಣೆ ಆಗಲೇ ಆರಂಭವಾಗಿತ್ತು. ಆ ವರ್ಷ ಬಾರ್ಡೋಲಿಯಲ್ಲಿ ಜನ ಅವರನ್ನು ಸರ್ದಾರ್ ಎಂದು ಕರೆದರು. ಹಳ್ಳಿ ಹಳ್ಳಿಗೂ ಶಿಬಿರ, ಪ್ರತಿ ಶಿಬಿರಕ್ಕೂ ಹೊಣೆಗಾರ, ದಿನದ ವರದಿ, ಪತ್ರಿಕೆ ಎಂದು ಅಲ್ಲಿ ಅವರು ನಡೆಸಿದ ವ್ಯವಸ್ಥೆಯ ವಿವರ ಓದಿದರೆ ವಾರ್ಡು, ಉಪಸಮಿತಿ, ತಪಾಸಣೆ ಎಂಬ ಹಳೆಯ ಪಾಠ ಗುರುತು ಸಿಗುತ್ತದೆ. ಮುಂದಿನದು ನಿಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ: ಜೈಲುಗಳು, ಕಾಂಗ್ರೆಸ್ ಅಧ್ಯಕ್ಷತೆ, ಸ್ವಾತಂತ್ರ್ಯ, ಐನೂರಕ್ಕೂ ಹೆಚ್ಚು ಸಂಸ್ಥಾನಗಳ ವಿಲೀನ, ನಮ್ಮ ಸೆಪ್ಟೆಂಬರ್ 17.

ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಐಸಿಎಸ್ ಕಮಿಷನರನ್ನು ಊರಿನಿಂದ ಎತ್ತಿಸಿ ಸಾರ್ವಜನಿಕ ಬದುಕು ಆರಂಭಿಸಿದ ಪಟೇಲರೇ 1949ರಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಅಧಿಕಾರಿಗಳ ಅಖಿಲ ಭಾರತ ಸೇವೆಗೆ ರಕ್ಷಣೆ ಬೇಕೆಂದು ವಾದಿಸಿದರು. ಇಂದಿನ ಐಎಎಸ್ ಅವರ ಬೆಂಬಲದಿಂದ ನಿಂತದ್ದು. ಅದೇ 1949ರ ಮುಂಬಯಿ ಪ್ರಾಂತದ ಕಾಯ್ದೆಯ ಪ್ರಕಾರ 1950ರ ಜುಲೈನಲ್ಲಿ ಅಹಮದಾಬಾದ್ ಮುನಿಸಿಪಾಲಿಟಿ ಮಹಾನಗರಪಾಲಿಕೆಯಾಯಿತು. ಊರಿಗೆ ಮೇಯರ್ ಬಂದರು. ಕಾರ್ಯಾಂಗದ ಅಧಿಕಾರವನ್ನು ಕಾಯ್ದೆ ಕೊಟ್ಟದ್ದು ಸರ್ಕಾರ ನೇಮಿಸುವ ಮುನಿಸಿಪಲ್ ಕಮಿಷನರಿಗೆ. ನಾನು ಬರೆದ ಸಾಫ್ಟ್‌ವೇರಿನಲ್ಲೂ ಅಂತಿಮ ಒಪ್ಪಿಗೆಯ ಬಟನ್ ಇದ್ದದ್ದು ಅವರ ಲಾಗಿನ್‌ನಲ್ಲೇ. ಪಾಲಿಕೆಯಾದ ಐದು ತಿಂಗಳಿಗೆ, 1950ರ ಡಿಸೆಂಬರ್ 15ರಂದು, ವಲ್ಲಭಭಾಯಿ ಮುಂಬಯಿಯಲ್ಲಿ ತೀರಿಕೊಂಡರು.